ಹುಲಿದೇವರಿಗೆ ಮನುಷ್ಯನ ಕಣ್ಣು ಯಾಕೆ?

[ದೃಶ್ಯ: ಮೊಬೈಲಿನಲ್ಲಿ ಬಂದ ಫೋಟೊ, ಪರದೆ ತುಂಬ]

ಈ ಫೋಟೊ ನೋಡಿ. ಉತ್ತರ ಕನ್ನಡದ ಸಿದ್ದಾಪುರ ಕಡೆಯ ವೀಕ್ಷಕರೊಬ್ಬರು ಕಳಿಸಿದ್ದು. ಅವರ ಊರಿನ ಹುಲಿದೇವರಂತೆ. ಮೊದಲೇ ಹೇಳಿದ್ದಕ್ಕೆ ಬಚಾವು, ಇಲ್ಲದಿದ್ದರೆ ನಾನು ಕರು ಅಂತಿದ್ದೆ. ನಾಲ್ಕೂ ಕಾಲು ಮಂಚದ ಕಾಲಿನ ಹಾಗೆ ನೆಟ್ಟಗೆ. ಬಾಲ ಬೆನ್ನಿನ ಮೇಲೆ ಕೊಡೆಯ ಹಿಡಿಕೆ ಥರ ಬಾಗಿದೆ. ಪಟ್ಟೆ ಎರಡೋ ಮೂರೋ ಗೀರು, ಅಷ್ಟೇ. ಕಣ್ಣು ಮಾತ್ರ ನೋಡಿ. ಎರಡು ದೊಡ್ಡ ದುಂಡು ಕಣ್ಣು, ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದ ಹಾಗೆ.

ಅವರ ಪ್ರಶ್ನೆ ಇದು: "ಸರ್, ಇದನ್ನ ಕೆತ್ತಿದವನು ಹುಲಿಯನ್ನ ನೋಡೇ ಇರಲಿಲ್ವಾ? ಊರಲ್ಲಿ ಹೊಸದು ಮಾಡಿಸುವ ಮಾತು ನಡೀತಾ ಇದೆ. ಮಾಡಿಸಬಹುದಾ?"

ಎರಡು ವಾರ ತಲೆ ಕೆಡಿಸಿದ ಪ್ರಶ್ನೆ ಮಾರಾಯ್ರೆ. ಬನ್ನಿ.

[ದೃಶ್ಯ: ಕಾಡಂಚಿನ ಕಟ್ಟೆ, ಕುಂಕುಮ ಹಚ್ಚಿದ ಕಲ್ಲು]

ಬಯಲುಸೀಮೆಯ ಸ್ನೇಹಿತರಿಗೆ 20 ಸೆಕೆಂಡಿನ ಪಾಠ. ನಮ್ಮಲ್ಲಿ ಹುಲಿದೇವರು, ಹುಲಿಯಪ್ಪ. ಗೋವಾದಲ್ಲಿ ವಾಘ್ರೋ, ಮಹಾರಾಷ್ಟ್ರದಲ್ಲಿ ವಾಘೋಬಾ. ಘಟ್ಟದ ಉದ್ದಕ್ಕೂ ಇರುವ ದೇವರು. ಕೆಲವು ಕಡೆ ಕೆತ್ತನೆ ಇರುತ್ತದೆ, ಕೆಲವು ಕಡೆ ಬರೀ ಕಲ್ಲು. ಶಿರಸಿ, ಸಿದ್ದಾಪುರದ ಕಡೆ ದೀಪಾವಳಿಯಲ್ಲಿ ಗೋಪೂಜೆ ಮುಗಿಸಿ ಹುಲಿಯಪ್ಪನಿಗೂ ಕಾಯಿ ಒಡೆಯುತ್ತಾರೆ. ಬೆಳಿಗ್ಗೆ ಆಕಳಿಗೆ ಪೂಜೆ, ಆಮೇಲೆ ಆಕಳನ್ನು ತಿನ್ನುವವನಿಗೆ ಪೂಜೆ. ಇಬ್ಬರನ್ನೂ ಒಂದೇ ದಿನ ಸಮಾಧಾನ ಮಾಡುವ ಊರು ನಮ್ಮದು.

ಅಲ್ಲಿ ಕೇಳಿಕೊಳ್ಳುವುದೂ ಇಷ್ಟೇ: ನಿನ್ನ ಕಾಡು ನಿನಗೆ, ನಮ್ಮ ಕೊಟ್ಟಿಗೆ ನಮಗೆ. ಕೊಟ್ಟಿಗೆಯ ದನಕ್ಕೆ ಬಾಯಿ ಹಾಕಬೇಡ ಮಾರಾಯ. ಇದೊಂದು ಒಪ್ಪಂದ. ಹಾಗೆ ನೋಡಿದರೆ ಆ ಕಲ್ಲು ಒಂದು ಛಾಪಾ ಕಾಗದ. ಛಾಪಾ ಕಾಗದದ ಮೇಲಿನ ಚಿತ್ರ ಚೆನ್ನಾಗಿಲ್ಲ ಅಂತ ಯಾರಾದರೂ ಜಗಳ ತೆಗೆದದ್ದು ಕೇಳಿದ್ದೀರಾ?

"ಟೈಗರ್ ನನ್ನ ಸ್ಪಿರಿಟ್ ಅನಿಮಲ್" ಅಂತ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತಾರಲ್ಲ, ಅವರಿಗೆ ಹುಲಿ ಮೆಚ್ಚುಗೆಯ ವಿಷಯ. ಈ ಕಲ್ಲು ಕೆತ್ತಿದವನಿಗೆ ಸಂಜೆ ದನ ಮನೆಗೆ ಬರುತ್ತದೋ ಇಲ್ಲವೋ ಅನ್ನುವ ವಿಷಯ. ಭಕ್ತಿ ಎರಡೂ ಕಡೆ ಇರಬಹುದು, ಆದರೆ ಇವನ ಭಕ್ತಿಗೆ ಬೆವರಿನ ವಾಸನೆ ಇದೆ.

ಸರಿ, ಕಣ್ಣಿಗೆ ಬರೋಣ. ಈ ವಿಡಿಯೋ ಮಾಡಿದ್ದೇ ಇದಕ್ಕೆ.

[ದೃಶ್ಯ: ಎಡಕ್ಕೆ ಮನೆಯ ಬೆಕ್ಕಿನ ಕಣ್ಣು, ಬಲಕ್ಕೆ ಹುಲಿಯ ಕಣ್ಣು]

ನಾನೂ ಮೊದಲು ಅಂದುಕೊಂಡದ್ದು ಶಿಲ್ಪಿ ತಪ್ಪಿದ ಅಂತಲೇ. ಬೆಕ್ಕಿನ ಜಾತಿ ಅಲ್ಲವಾ, ಕಣ್ಣೊಳಗಿನ ಪಾಪೆ ಸೀಳಿದ ಹಾಗೆ ಉದ್ದಕ್ಕೆ ಇರಬೇಕಿತ್ತು. ನಮ್ಮನೆ ಬೆಕ್ಕು ಮಧ್ಯಾಹ್ನ ಜಗಲಿಯಲ್ಲಿ ಮಲಗಿದಾಗ ನೋಡಿ, ಪಾಪೆ ಭತ್ತದ ಕಾಳಿನ ಹಾಗೆ ಸಣ್ಣ. ಹುಲಿಯದ್ದು ಹಾಗಲ್ಲ. ಹುಲಿಯ ಪಾಪೆ ದುಂಡಗೆ. ಬಿಸಿಲಿಗೆ ಸಣ್ಣದಾಗುತ್ತದೆ, ಆದರೂ ದುಂಡಗೆ. ನಿಮ್ಮ ಹಾಗೆ, ನನ್ನ ಹಾಗೆ.

ಯಾಕೆ? 2015ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 214 ಜಾತಿಯ ನೆಲದ ಪ್ರಾಣಿಗಳ ಪಾಪೆ ನೋಡಿದರು. ಹೊಂಚು ಹಾಕಿ ಹಾರುವ ಬೇಟೆಗಾರರಲ್ಲಿ ಉದ್ದ ಸೀಳಿನ ಪಾಪೆ ಇರುವವು ಹೆಚ್ಚಾಗಿ ಗಿಡ್ಡ ಪ್ರಾಣಿಗಳು. ಭುಜದ ಎತ್ತರ 42 ಸೆಂಟಿಮೀಟರಿಗಿಂತ ಕಡಿಮೆ ಇರುವಂಥವು. ನೆಲಕ್ಕೆ ಹತ್ತಿರ ಇರುವ ಕಣ್ಣಿಗೆ ದೂರ ಅಳೆಯಲು ಸೀಳು ಸಹಾಯ ಮಾಡುತ್ತದೆ. ಎತ್ತರದ ಹುಲಿಗೆ ಆ ಲಾಭ ಅಷ್ಟಿಲ್ಲ.

ಅಂದರೆ ಇಡೀ ಮೈಯಲ್ಲಿ ಈ ಶಿಲ್ಪಿ ಸರಿಯಾಗಿ ಕೆತ್ತಿದ್ದು ಒಂದೇ ಒಂದು, ಕಣ್ಣು! ಕಾಲು ತಪ್ಪು, ಬಾಲ ತಪ್ಪು, ಪಟ್ಟೆಯ ಲೆಕ್ಕ ಕೇಳಲೇಬೇಡಿ. ಕಣ್ಣು ಸರಿ.

ಇದು ಕಾಕತಾಳೀಯ ಅನ್ನಿ, ಬೇಡ ಅನ್ನುವುದಿಲ್ಲ. ಎಲ್ಲ ದೇವರಿಗೂ ದುಂಡು ಕಣ್ಣೇ ಇಡುತ್ತಾರೆ ಅಂತಲೂ ವಾದಿಸಬಹುದು. ಆದರೆ ನಮ್ಮ ಅಮ್ಮಮ್ಮ ಹೇಳುತ್ತಿದ್ದ ಮಾತೊಂದಿದೆ. ಸಣ್ಣವಳಿದ್ದಾಗ ಸೊಪ್ಪಿನ ಬೆಟ್ಟದಲ್ಲಿ ಹುಲಿ ನೋಡಿದ್ದಳಂತೆ. ಎಷ್ಟು ದೊಡ್ಡದಿತ್ತು, ಬಾಲ ಹೇಗಿತ್ತು ಅಂತ ನಾನು ಪೀಡಿಸಿದರೆ ಒಂದೇ ಉತ್ತರ: "ಯಂಗೆ ಕಣ್ಣೊಂದೇ ಕಂಡ್ಚಾ ತಮ್ಮಾ, ಮತ್ತೆಂತದೂ ಕಂಡಿದ್ದಿಲ್ಲೆ."

ಅಷ್ಟೇ. ಎದುರು ನಿಂತವನಿಗೆ ಬಾಲ ಯಾಕೆ ಕಾಣಬೇಕು? ಅವನು ಹುಲಿಯನ್ನು ನೋಡಲಿಲ್ಲ, ಹುಲಿ ಅವನನ್ನು ನೋಡಿತು. ಕಲ್ಲಿನಲ್ಲಿ ಉಳಿದದ್ದು ಆ ನೋಟ. ನಮ್ಮಲ್ಲಿ ವಿಗ್ರಹ ಪ್ರತಿಷ್ಠೆಯಾಗುವಾಗ ನೇತ್ರೋನ್ಮೀಲನ ಅಂತ ಮಾಡುತ್ತಾರಲ್ಲ, ಕಣ್ಣು ತೆರೆಸುವುದು? ಅದಾಗುವವರೆಗೆ ಅದು ಕಲ್ಲು, ಮರ. ಈ ಶಿಲ್ಪಿಗೆ ಆ ಶಾಸ್ತ್ರ ಗೊತ್ತಿತ್ತೋ ಇಲ್ಲವೋ, ಅವನ ಪಾಲಿಗೆ ಕಣ್ಣು ಕಾಡಿನಲ್ಲೇ ತೆರೆದಿತ್ತು.

ತಮಾಷೆ ಅಂದರೆ ಇಂದು ಅದೇ ಹುಲಿಯನ್ನು ನಾವು ಗುರುತಿಸುವುದು ಪಟ್ಟೆಯಿಂದ. ದಾಂಡೇಲಿ, ಅಂಶಿಯ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು, 2015ರಲ್ಲಿ ಕಾಳಿ ಅಂತ ಹೆಸರಾಯಿತು. ಇಂಥ ಕಾಡುಗಳಲ್ಲಿ ದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟುತ್ತಾರೆ, ಯಾಕೆಂದರೆ ಹುಲಿಯ ಎಡಮೈ ಪಟ್ಟೆ ಬೇರೆ, ಬಲಮೈ ಪಟ್ಟೆ ಬೇರೆ. ಎಣಿಸುವವನಿಗೆ ಪಟ್ಟೆ ಬೇಕು, ಕೈಮುಗಿಯುವವನಿಗೆ ಕಣ್ಣು.

[ದೃಶ್ಯ: ಬನವಾಸಿ, ನಂತರ ಶಿರಸಿಯ ದೇವಸ್ಥಾನದ ಗೋಡೆ]

ಈಗ ಸಿಂಹ. ಬನವಾಸಿ ಕದಂಬರ ಲಾಂಛನವೇ ಸಿಂಹ. ಇಂದು ಭಾರತದಲ್ಲಿ ಕಾಡು ಸಿಂಹ ಇರುವುದು ಗುಜರಾತಿನ ಗಿರ್ ಸುತ್ತಮುತ್ತ. ವರದಾ ನದಿ ದಂಡೆಯ ಶಿಲ್ಪಿ ಅದನ್ನು ಗುರು ಹೇಳಿಕೊಟ್ಟ ಹಾಗೆ ಕಲಿತವನು. ಅದಕ್ಕೇ ದೇವಸ್ಥಾನದ ಸಿಂಹಗಳು ಅಷ್ಟು ಚೆಂದ, ಗುಂಗುರು ಜೂಲು, ಮಣಿಸರ, ಎಲ್ಲ ಅಚ್ಚುಕಟ್ಟು. ಸಿಂಹ ಶಾಸ್ತ್ರದಿಂದ ಬಂತು, ಹುಲಿ ಹಿತ್ತಲಿಂದ ಬಂತು. ನನ್ನ ವೋಟು ಹಿತ್ತಲಿಗೆ.

ಗೋಡೆಯ ಮೇಲಿನ ಕೆಂಪು ಚಿತ್ರ ಕಂಡಿತಾ? ಕಾವಿ ಕಲೆ. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ಸುತ್ತಿ ದಾಖಲಿಸಿದ್ದು ಇದನ್ನೇ. ಚಿಪ್ಪಿನ ಸುಣ್ಣ, ತೊಳೆದ ಮರಳು, ಬೆಲ್ಲ ಹಾಕಿ ಹದ ಮಾಡಿದ ಗಾರೆ. ಅದರ ಮೇಲೆ ಕಾವಿಯ ತೆಳು ಪದರ. ಹಸಿ ಇರುವಾಗಲೇ ಚೂಪು ಮೊಳೆಯಿಂದ ಕೆರೆದರೆ ಒಳಗಿನ ಬಿಳಿ ಮೇಲೆ ಬರುತ್ತದೆ. ಬಣ್ಣ ಹಚ್ಚುವುದಲ್ಲ, ತೆಗೆಯುವುದು. ಶಿರಸಿಯವರಿಗೆ ಹೇಳಬೇಕೆಂದರೆ ತೊಡೆದೇವು ಅನ್ನುವ ತೆಳು ಸಿಹಿ ಹೊಯ್ದ ಹಾಗೆ. ಬಿಸಿ ಮಡಕೆಯ ಮೇಲೆ ಹಿಟ್ಟಿನಲ್ಲಿ ಅದ್ದಿದ ಬಟ್ಟೆ ಎಳೆದದ್ದೇ ಎಳೆದದ್ದು, ಕೈ ಅನುಮಾನಿಸಿದರೆ ಹರಿದುಹೋಯಿತು. ಕಾವಿ ಗೋಡೆಯ ಪ್ರಾಣಿಗಳಲ್ಲಿ ಆ ಒಂದೇ ಗೀರಿನ ಧೈರ್ಯ ಕಾಣುತ್ತದೆ. ಅಳಿಸಿ ತಿದ್ದುವ ಅವಕಾಶ ಇದ್ದಿದ್ದರೆ ಎಲ್ಲವೂ ಕ್ಯಾಲೆಂಡರ್ ಚಿತ್ರ ಆಗಿರುತ್ತಿದ್ದವು.

ಸಮಯ ಮೀರಿತು ಅಂತ ಎಡಿಟಿಂಗ್ ಮಾಡುವ ಹುಡುಗ ಕೈಸನ್ನೆ ಮಾಡ್ತಾ ಇದ್ದಾನೆ. ಬೇಗ ಬೇಗ: ಶಿರಸಿಯ ಮಾರಿಕಾಂಬೆ ಏರಿದ್ದು ಹುಲಿ, ಸಿಂಹವೋ ಹುಲಿಯೋ ಅಂತ ಕೆಳಗೆ ಕಾಮೆಂಟಿನಲ್ಲಿ ಜಗಳ ಬೇಡ. ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರು ಸುಗ್ಗಿ ಕುಣಿತಕ್ಕೆ ತಲೆಗೆ ಕಟ್ಟುವ ತುರಾಯಿಯಲ್ಲಿ ಬೆಂಡಿನ ಹೂವು, ಹಕ್ಕಿ, ಅದಕ್ಕೇ ಒಂದು ವಿಡಿಯೋ ಬೇಕು. ಕೆತ್ತನೆಯೇ ಕುಲಕಸುಬಾದ ಗುಡಿಗಾರರ ಗಂಧದ ಕೆತ್ತನೆಗೆ ಇನ್ನೊಂದು.

ಪ್ರಶ್ನೆಗೆ ಉತ್ತರ? ಹಳೆ ಕಲ್ಲನ್ನು ಕೀಳಬೇಡಿ ಸರ್. ಗೂಗಲಿನಿಂದ ಇಳಿಸಿದ ಫೋಟೊ ನೋಡಿ ಮಾಡಿದ ಹುಲಿ ನಿಮ್ಮ ಊರನ್ನು ಯಾವತ್ತೂ ನೋಡಿಲ್ಲ. ಈ ಕಲ್ಲಿನದು ನೋಡಿದೆ.

[ದೃಶ್ಯ: ವಾಟ್ಸಾಪ್ ಸಂದೇಶ]

ಇದನ್ನೇ ಅವರಿಗೆ ಬರೆದು ಕಳಿಸಿದ್ದೆ. ನಿನ್ನೆ ಉತ್ತರ ಬಂತು: "ಸಿಮೆಂಟ್ ಹುಲಿಗೆ ಅಡ್ವಾನ್ಸ್ ಕೊಟ್ಟಾಗಿದೆ ಸರ್. ಹಳೇದು ಪಕ್ಕದಲ್ಲೇ ಇರ್ಲಿ ಅಂತ ಒಪ್ಪಿಸಿದ್ದೇನೆ. ಹೊಸದಕ್ಕೆ ಕಣ್ಣು ದುಂಡಗೆ ಮಾಡಿ ಅಂದ್ರೆ, ಕೆಲಸದವನು ಬೆಕ್ಕಿನ ಫೋಟೊ ತೋರಿಸ್ತಾ ಇದ್ದಾನೆ."