ರೈಲ್ವೆ ಪುಸ್ತಕದಂಗಡಿ ತುಂಬಾ ಪತ್ತೇದಾರಿಗಳೇ ಯಾಕೆ?

ಎಲ್ಲರಿಗೂ ನಮಸ್ಕಾರ. ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಊರು ಯಾವುದೇ ಇರಲಿ, ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ತೆಳ್ಳಗಿನ, ಕಣ್ಣು ಕುಕ್ಕೋ ರಟ್ಟಿನ, ಕೊಲೆ-ಪತ್ತೇದಾರಿ ಪುಸ್ತಕಗಳೇ ಯಾಕೆ ಜಾಸ್ತಿ? "ಟೈಂಪಾಸಿಗೆ, ಮತ್ತಿನ್ಯಾಕೆ" ಅಂದು ಮುಗಿಸಬಹುದಿತ್ತು. ಆದರೆ ಹುಡುಕುತ್ತಾ ಹೋದರೆ ಇದರೊಳಗೊಂದು ಜೀವವಿಮೆ ಸಿಕ್ತು! ಹೌದು, ವಿಮೆ. ಹೇಳ್ತೀನಿ, ತಾಳಿ.

ಮೊದಲು ಹಿನ್ನೆಲೆ, ಬೇಗ ಬೇಗ. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಶುರುವಾಗಿದ್ದು 1830ರಲ್ಲಿ. ಕುದುರೆಗಾಡಿಯ ಕುಲುಕಾಟದಲ್ಲಿ ಅಕ್ಷರ ಕಣ್ಣಿಗೆ ನಿಲ್ಲುತ್ತಿರಲಿಲ್ಲ, ಹಳಿ ಮೇಲೆ ನಿಲ್ಲುತ್ತಿತ್ತು. ಆಗಿನ ಬೋಗಿಗಳಲ್ಲಿ ಓಡಾಡೋಕೆ ಜಾಗ ಇಲ್ಲ. ಗುರುತಿಲ್ಲದವರ ಎದುರು ಮುಖಕ್ಕೆ ಮುಖ ಕೊಟ್ಟು ಕೂರಬೇಕು, ಮುಂದಿನ ಸ್ಟೇಷನ್ ಬರೋವರೆಗೆ ಬಿಡುಗಡೆ ಇಲ್ಲ. ಆ ಸಂಕೋಚದಿಂದ ತಪ್ಪಿಸಿಕೊಳ್ಳೋಕೆ ಪುಸ್ತಕಕ್ಕಿಂತ ಒಳ್ಳೆ ಮರೆ ಬೇಕಾ? 1848ರಲ್ಲಿ ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನಲ್ಲಿ ಡಬ್ಲ್ಯು. ಎಚ್. ಸ್ಮಿತ್ ಅನ್ನೋ ಕಂಪನಿ ತನ್ನ ಪುಸ್ತಕದಂಗಡಿ ಇಟ್ಟಿತು.

ಸಮಸ್ಯೆ ಏನಪ್ಪಾ ಅಂದ್ರೆ, ಆಗ ಅಲ್ಲಿ ಹೊಸ ಕಾದಂಬರಿ ಅಂದ್ರೆ ಸಾಮಾನ್ಯವಾಗಿ ಮೂರು ಸಂಪುಟ, ಬೆಲೆ ಮೂವತ್ತೊಂದೂವರೆ ಶಿಲ್ಲಿಂಗ್. ಕೊಳ್ಳೋರು ಕಡಿಮೆ, ಮ್ಯೂಡೀಸ್ ಥರದ ಗ್ರಂಥಾಲಯಗಳಿಂದ ಎರವಲು ತರೋರೇ ಜಾಸ್ತಿ. ಗ್ರಂಥಾಲಯಗಳಿಗೆ ಮೂರು ಸಂಪುಟವೇ ಇಷ್ಟ, ಒಂದೇ ಕಾದಂಬರಿಯನ್ನ ಏಕಕಾಲಕ್ಕೆ ಮೂರು ಮನೆಗೆ ಕೊಡಬಹುದಲ್ಲ! ಒಂದನೇ ಸಂಪುಟದ ಕೊನೆಯಲ್ಲಿ ನಾಯಕಿ ಅಪಾಯದಲ್ಲಿದ್ದಾಳೆ, ಎರಡನೆಯದು ಪಕ್ಕದ ಬೀದಿಯವರ ಹತ್ತಿರ ಇದೆ. ಮನೆಯಲ್ಲಾದರೆ ಕಾಯಬಹುದು. ಓಡೋ ರೈಲಿನಲ್ಲಿ?

ಹಾಗಾಗಿ 1849ರಲ್ಲಿ ಜಾರ್ಜ್ ರೌಟ್ಲೆಜ್ ಅನ್ನೋ ಪ್ರಕಾಶಕ 'ರೈಲ್ವೆ ಲೈಬ್ರರಿ' ಮಾಲೆ ತಂದ. ಒಂದೇ ಸಂಪುಟ, ಅಗ್ಗದ ಬೆಲೆ. ಮುಂದೆ ಬೇರೆಯವರೂ ಇದೇ ದಾರಿ ಹಿಡಿದರು. ಮಿರಿಮಿರಿ ಹಳದಿ ಕಾಗದದ ರಟ್ಟು, ಮುಂದುಗಡೆ ರೋಚಕ ಚಿತ್ರ, ಹಿಂದುಗಡೆ ಜಾಹೀರಾತು. ಗಾರ್ಡ್ ಸೀಟಿ ಊದೋ ಹೊತ್ತಲ್ಲಿ ಮುನ್ನುಡಿ ಓದಿ ಆರಿಸೋಕಾಗುತ್ತಾ? ರಟ್ಟೇ ಕೂಗಿ ಕರೀಬೇಕು. 1860ರಲ್ಲಿ ಸ್ಮಿತ್ ಅಂಗಡಿಗಳು ಎರವಲು ಕೊಡೋಕೂ ಶುರು ಮಾಡಿದವು. ಒಂದು ಸ್ಟೇಷನ್ನಿನಲ್ಲಿ ತಗೊಂಡು ಇನ್ನೊಂದರಲ್ಲಿ ವಾಪಸ್ ಕೊಡಬಹುದಿತ್ತು. ಇದನ್ನ ಯಾರಾದರೂ ಮತ್ತೆ ಶುರು ಮಾಡಬಾರದಾ?

[ತೆರೆಯ ಮೇಲೆ: ಹಳೆಯ ವಾರಪತ್ರಿಕೆಯ ಮುಖಪುಟ]

ಈಗ ವಿಮೆ ಕತೆ. ಜಾರ್ಜ್ ನ್ಯೂನ್ಸ್ ಅಂತ ಒಬ್ಬ ಪ್ರಕಾಶಕ. 1881ರಲ್ಲಿ 'ಟಿಟ್-ಬಿಟ್ಸ್' ಅನ್ನೋ ವಾರಪತ್ರಿಕೆ ಶುರು ಮಾಡಿದ. ಜೋಕು, ವಿಚಿತ್ರ ಸುದ್ದಿ, ತುಣುಕು ಕತೆ, ಎಲ್ಲ ಚಿಕ್ಕಚಿಕ್ಕದು. ರೈಲು ಪ್ರಯಾಣಿಕರಿಗೆ ಹೇಳಿ ಮಾಡಿಸಿದ್ದು. ಅಷ್ಟು ಸಾಲದು ಅಂತ 1885ರಲ್ಲಿ ಒಂದು ಘೋಷಣೆ ಮಾಡಿದ: ರೈಲು ಅಪಘಾತದಲ್ಲಿ ಸತ್ತವರ ಬಳಿ ಟಿಟ್-ಬಿಟ್ಸ್ ಪ್ರತಿ ಇದ್ದರೆ, ಅವರ ಹತ್ತಿರದ ಸಂಬಂಧಿಗೆ ನೂರು ಪೌಂಡ್!

ಸ್ವಲ್ಪ ಯೋಚನೆ ಮಾಡಿ. ಪತ್ರಿಕೆ ಓದಿರಬೇಕು ಅಂತ ಷರತ್ತಿಲ್ಲ. ಇಷ್ಟಪಟ್ಟಿರಬೇಕು ಅಂತಲೂ ಇಲ್ಲ. ಹತ್ತಿರ ಇದ್ದರೆ ಸಾಕು. ಅಂದರೆ ಗಂಡ ಊರಿಗೆ ಹೊರಟರೆ ಬುತ್ತಿ ಮರೆತರೂ ಪತ್ರಿಕೆ ಮರೀಬೇಡಿ ಅಂತ ಹೆಂಡತಿಯೇ ನೆನಪಿಸಬೇಕು, ಆತ ಅದನ್ನ ತಿಳಿಯದೆ ಪ್ರೀತಿ ಅಂದ್ಕೋಬೇಕು! ಇನ್ನು ಸಾಲಕ್ಕೆ ಓದೋ ಪಕ್ಕದ ಸೀಟಿನವರ ಗತಿ? "ಒಂಚೂರು ಕೊಡಿ, ನೋಡಿ ಕೊಡ್ತೀನಿ" ಅಂದರೆ ಯಾರಾದರೂ ಕೊಡ್ತಾರಾ? ಆ ಐದು ನಿಮಿಷ ವಿಮೆ ಅವರದಾಗಿಬಿಡುತ್ತೆ. ಓದುಗರನ್ನ ಹಿಡಿಯೋಕೆ ಇವತ್ತು ಏನೇನೋ ಕಸರತ್ತು ಮಾಡ್ತಾರೆ, ನನ್ನ ಪ್ರಕಾರ ನ್ಯೂನ್ಸ್ ಮುಂದೆ ಎಲ್ಲ ಸಪ್ಪೆ.

ಇದೇ ನ್ಯೂನ್ಸ್ 1891ರಲ್ಲಿ 'ದಿ ಸ್ಟ್ರಾಂಡ್' ಮಾಸಪತ್ರಿಕೆ ತಂದ, ಅದೇ ವರ್ಷ ಅದರಲ್ಲಿ ಷರ್ಲಾಕ್ ಹೋಮ್ಸ್ ಸಣ್ಣಕತೆಗಳು ಶುರುವಾದವು. ನಮ್ಮ ಪ್ರಶ್ನೆಗೆ ದೊಡ್ಡ ಉತ್ತರ ಇಲ್ಲೇ ಇದೆ. ಧಾರಾವಾಹಿಯ ಒಂದು ಕಂತು ತಪ್ಪಿದರೆ ಓದುಗ ಕೈಬಿಟ್ಟು ಹೋಗ್ತಾನೆ ಅಂತ ಹೋಮ್ಸ್ ಕತೆ ಬರೆದ ಕಾನನ್ ಡಾಯ್ಲ್‌ಗೆ ಗೊತ್ತಿತ್ತು. ಅದಕ್ಕೆ ಪಾತ್ರ ಅದೇ, ಆದರೆ ಕತೆ ಪ್ರತಿ ಸಲ ಪೂರ್ತಿ. ಹತ್ತಿದಾಗ ಹೆಣ, ಇಳಿಯೋಷ್ಟರಲ್ಲಿ ಕೊಲೆಗಾರ. ಪ್ರಯಾಣಕ್ಕೂ ಕೇಸಿಗೂ ಒಂದೇ ಅಳತೆ.

ಅಯ್ಯೋ, ವಿಮೆಯಲ್ಲೇ ಟೈಮ್ ಹೋಯ್ತು, ಉಳಿದದ್ದು ಒಂದೇ ಉಸಿರಿಗೆ. ಫ್ರಾನ್ಸಿನಲ್ಲಿ ಪ್ರಕಾಶಕ ಲೂಯಿ ಅಶೆಟ್ 1853ರಿಂದ ರೈಲ್ವೆ ಮಾಲೆ ತಂದ, ವಿಷಯಕ್ಕೊಂದು ಬಣ್ಣ: ಪ್ರವಾಸ ಕೈಪಿಡಿಗೆ ಕೆಂಪು, ಮಕ್ಕಳ ಪುಸ್ತಕಕ್ಕೆ ಗುಲಾಬಿ. ಭಾರತದಲ್ಲಿ 1888ರಲ್ಲಿ ಅಲಹಾಬಾದಿನ ಎ. ಎಚ್. ವೀಲರ್ ಕಂಪನಿ, ಇಪ್ಪತ್ತೆರಡರ ಹುಡುಗ, ಲೇಖಕ ಕಿಪ್ಲಿಂಗ್‌ನ ಆರು ಪುಟ್ಟ ಕಥಾಪುಸ್ತಕಗಳನ್ನ ತಲಾ ಒಂದು ರೂಪಾಯಿಗೆ ಸ್ಟೇಷನ್ನುಗಳಲ್ಲಿ ಮಾರಿತು. ಜರ್ಮನಿಯಲ್ಲಿ 1912ರಿಂದ ರೆಕ್ಲಾಮ್ ಅನ್ನೋ ಪ್ರಕಾಶನದ ಪುಸ್ತಕ ಮಾರೋ ಯಂತ್ರಗಳೇ ನಿಂತವು, ಕಾಸು ಹಾಕಿ ಪುಸ್ತಕ ತಗೋ.

ಆಮೇಲೆ ಪೆಂಗ್ವಿನ್ ಪ್ರಕಾಶನ. ಎಕ್ಸೆಟರ್ ಸ್ಟೇಷನ್ನಿನಲ್ಲಿ ಓದೋಕೆ ಒಳ್ಳೇದೇನೂ ಸಿಗದೆ ಅದರ ಸ್ಥಾಪಕ ಆಲನ್ ಲೇನ್‌ಗೆ ಅಗ್ಗದ ಪೇಪರ್‌ಬ್ಯಾಕ್‌ಗಳ ಯೋಚನೆ ಹೊಳೀತು ಅನ್ನೋದು ಆ ಸಂಸ್ಥೆಯೇ ಹೇಳಿಕೊಳ್ಳೋ ಕತೆ. 1935ರಲ್ಲಿ ಮೊದಲ ಹತ್ತು ಪುಸ್ತಕ ಬಂದವು, ಪತ್ತೇದಾರಿಗೆ ಹಸಿರು ರಟ್ಟು. ಅಂದಹಾಗೆ ಆ ದಿನ ಲೇನ್ ಯಾರ ಮನೆಗೆ ಹೋಗಿ ವಾಪಸ್ ಬರ್ತಿದ್ದ ಗೊತ್ತಾ? ಪತ್ತೇದಾರಿ ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿ ಮನೆಗೆ.