ಕಡಲ ಮೀನಿನೊಳಗಿನ ಹುಳುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಪಾಜೆ ಘಾಟಿ ಹತ್ತಿ ಮಂಗಳೂರಿನಿಂದ, ಮಾಕುಟ್ಟದ ದಾರಿಯಾಗಿ ಕಣ್ಣೂರಿನ ಕಡೆಯಿಂದ ನಮ್ಮ ಕೊಡಗಿಗೆ ಬರುವ ಬಂಗುಡೆ, ಮತ್ತಿ, ಅಂಜಲ್ ಇವೆಲ್ಲ ಕಡಲಲ್ಲಿ ತಾವಾಗಿಯೇ ಬೆಳೆದ ಮೀನುಗಳು. ಇವನ್ನು ಶುಚಿ ಮಾಡುವಾಗ ಕಿವಿರಿನಲ್ಲಿ ಕಾಲುಳ್ಳ ಬಿಳಿ ಹುಳುವೊಂದು ಕಾಣಬಹುದು, ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಸಣ್ಣ ದಾರದಂಥದ್ದು ಸಿಗಬಹುದು. ಮೀನು ಕೊಳೆತಿದೆ ಎಂದು ಅಷ್ಟಕ್ಕೇ ಎಸೆಯಬೇಡಿ. ನೊಣ ಕೂತು ಆಗುವ ಹುಳು ಬೇರೆ. ಇವು ಮೀನು ಈಜಾಡುತ್ತಿದ್ದಾಗಲೇ ಅದರ ಮೇಲೆ ಬದುಕುತ್ತಿದ್ದ ಪರಾವಲಂಬಿಗಳು. ಯಾವ ಹುಳು ಎಲ್ಲಿದೆ ಎಂದು ನೋಡಿದರೆ ಏನು ಮಾಡಬೇಕೆಂಬುದು ಹೆಚ್ಚುಕಡಿಮೆ ತಿಳಿದುಬಿಡುತ್ತದೆ.

ಮೊದಲು ಕಿವಿರು. ಬಂಗುಡೆಯ ಕಿವಿರಿನ ಮುಚ್ಚಳ ಎತ್ತಿದಾಗ ಸಿಗುವುದು ಐಸೊಪಾಡ್ ಎಂಬ ಪ್ರಾಣಿ. ಸಿಗಡಿ, ಏಡಿಗಳ ದೂರದ ಸಂಬಂಧಿ ಇದು. ನಮ್ಮ ಕಡಲಿನ ಬಂಗುಡೆಯಲ್ಲಿ ನೊರಿಲೆಕಾ ಇಂಡಿಕಾ ಎಂಬ ಜಾತಿ ದಾಖಲಾಗಿದೆ. ಇದಕ್ಕೆ ಏಳು ಜೊತೆ ಕಾಲು, ಪ್ರತಿ ಕಾಲಿನ ತುದಿಯಲ್ಲೂ ಬಾಗಿದ ಕೊಕ್ಕೆ. ತೋಟದ ಜಿಗಣೆ ಹೊಟ್ಟೆ ತುಂಬಿದ ಮೇಲೆ ಉದುರಿಬೀಳುತ್ತದೆ. ಇದು ಹಾಗಲ್ಲ, ಒಮ್ಮೆ ನೆಲೆ ನಿಂತು ದೊಡ್ಡದಾದರೆ ಮತ್ತೆ ಈಜಲಾರದು, ಆ ಮೀನೇ ಅದರ ಮನೆ.

ಇದರ ಬದುಕು ನಿಜಕ್ಕೂ ಸೋಜಿಗದ್ದು. ಮರಿಯಾಗಿ ಬಂದು ಸೇರುವಾಗ ಎಲ್ಲವೂ ಗಂಡು. ಅವುಗಳಲ್ಲಿ ಒಂದು ಬೆಳೆದು ಹೆಣ್ಣಾಗುತ್ತದೆ. ಹೆಣ್ಣು ಅಲ್ಲಿರುವ ತನಕ ಆಮೇಲೆ ಬಂದವು ಗಂಡಾಗಿಯೇ ಉಳಿಯುತ್ತವೆ. ಹೆಣ್ಣಿನ ಹೊಟ್ಟೆಯಡಿಯ ಚೀಲದಲ್ಲಿ ಮೊಟ್ಟೆ ಒಡೆದು, ಮರಿಗಳು ನೀರಿಗಿಳಿದು ಬೇರೆ ಮೀನು ಹುಡುಕುತ್ತವೆ. ಇತ್ತ ಆಶ್ರಯ ಕೊಟ್ಟ ಮೀನಿಗೆ ರಕ್ತ ನಷ್ಟ. ಹುಳು ಒತ್ತಿ ಕೂತ ಕಡೆ ಕಿವಿರಿನ ಎಳೆಗಳು ಸವೆದು, ಮೊಟಕಾಗಿ, ಕೆಂಪು ಹೋಗಿ ಬಿಳಿಚಿಕೊಳ್ಳುತ್ತವೆ. ಉಸಿರಾಟದ ಜಾಗ ಕಡಿಮೆಯಾದ ಮೀನು ಸೊರಗುತ್ತದೆ. ದೊಡ್ಡ ಮೀನು ಹೇಗೋ ತಾಳಿಕೊಳ್ಳುತ್ತದೆ, ಮರಿಮೀನಿಗೆ ಒಂದೇ ಹುಳು ಪ್ರಾಣಾಂತಿಕವಾಗಬಹುದು.

ಇದೇ ವಂಶದ ಸಿಮೊಥೊವಾ ಎಕ್ಸಿಗುವಾ ಪೂರ್ವ ಪೆಸಿಫಿಕ್ ಸಾಗರದ್ದು. ಅದು ಮೀನಿನ ನಾಲಗೆಯ ರಕ್ತ ಹೀರುತ್ತ ಹೋದಂತೆ ನಾಲಗೆ ಬಾಡಿ ಕರಗುತ್ತದೆ, ಉಳಿದ ಮೋಟಿಗೆ ಹುಳು ಅಂಟಿ ಕೂರುತ್ತದೆ. ಮೀನು ಆ ಹುಳುವಿನ ಮೈಯನ್ನೇ ನಾಲಗೆಯಾಗಿ ಬಳಸುತ್ತದೆ ಎಂದು ಬ್ರುಸ್ಕಾ ಮತ್ತು ಗಿಲ್ಲಿಗನ್ ಎಂಬ ವಿಜ್ಞಾನಿಗಳು 1983ರಲ್ಲಿ ಬರೆದರು. ಪರಾವಲಂಬಿ ಒಂದು ಅಂಗವನ್ನು ತಿಂದು ಆ ಅಂಗದ ಕೆಲಸವನ್ನು ತಾನೇ ಮಾಡುವ ಇಂಥ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಐಸೊಪಾಡ್ ಮನುಷ್ಯರಿಗೆ ಅಂಟುವ ಹುಳುವಲ್ಲ. ಕಿವಿರಿನ ಜೊತೆಗೇ ಕಿತ್ತು ತೆಗೆದರೆ ಮುಗಿಯಿತು.

ಅಂಜಲ್ ಹೋಳಿನ ಮಾಂಸದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗಂಟು ಕಂಡರೆ ಅದು ಲಾಡಿ ಹುಳುವಿನ ಮರಿ ಇರಬಹುದು. ಈ ಬಗೆಯ ಹುಳು ಪ್ರಾಯಕ್ಕೆ ಬರುವುದು ಶಾರ್ಕ್ ಮತ್ತು ತೊರಕೆ ಮೀನಿನ ಕರುಳಿನಲ್ಲಿ ಮಾತ್ರ. ಅಂಜಲ್ ಅದಕ್ಕೆ ದಾರಿಯ ತಂಗುದಾಣ. ಮೀನು ತನ್ನದೇ ಅಂಗಾಂಶದಿಂದ ಅದರ ಸುತ್ತ ಚೀಲ ಕಟ್ಟಿ ಮುಚ್ಚಿಬಿಡುತ್ತದೆ. ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯಿರಿ. ಮುರು ಮೀನು, ಕೊಡ್ಡಾಯಿಗಳ ಮೊಟ್ಟೆಚೀಲದಲ್ಲಿ ಕೆಂಪು ಕಂದು ಬಣ್ಣದ ಉದ್ದ ಹುಳು ಸಿಕ್ಕರೆ ಅದು ಫಿಲೊಮೆಟ್ರಾ. ತೊಂದರೆ ಮೀನಿನ ಸಂತಾನಕ್ಕೆ, ತಿನ್ನುವವರಿಗಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಹೊಟ್ಟೆಯೊಳಗಿನ ಅನಿಸಾಕಿಸ್ ಎಂಬ ದುಂಡುಹುಳುವಿನ ವಿಷಯದಲ್ಲಿ. ಪ್ರಾಯದ ಹುಳು ಇರುವುದು ತಿಮಿಂಗಿಲ, ಡಾಲ್ಫಿನ್‌ಗಳ ಜಠರದಲ್ಲಿ. ಮೊಟ್ಟೆ ಅವುಗಳ ಮಲದೊಂದಿಗೆ ನೀರಿಗೆ ಬೀಳುತ್ತದೆ. ಸಿಗಡಿಯ ಜಾತಿಯ ಸಣ್ಣ ಜೀವಿಗಳು ಮರಿಯನ್ನು ನುಂಗುತ್ತವೆ, ಅವನ್ನು ಮೀನು ನುಂಗುತ್ತದೆ. ಎರಡು ಮೂರು ಸೆಂಟಿಮೀಟರ್ ಉದ್ದದ ಮರಿಹುಳು ಮೀನಿನ ಕರುಳು ಕೊರೆದು ಹೊರಬಂದು ಯಕೃತ್ತಿನ ಮೇಲೆ ಸುರುಳಿ ಸುತ್ತಿ ಕಾಯುತ್ತದೆ. ಸೋಂಕಿದ ಸಣ್ಣ ಮೀನನ್ನು ತಿಂದ ದೊಡ್ಡ ಮೀನಿಗೆ ಆ ಹುಳುಗಳೂ ಸೇರುವುದರಿಂದ, ವಯಸ್ಸಾದ ಮೀನಿನಲ್ಲಿ ಇವು ಹೆಚ್ಚು. ತೀರಾ ಹೆಚ್ಚಾದರೆ ಯಕೃತ್ತು ಕುಗ್ಗಿ, ಕೊಬ್ಬು ಇಳಿದು, ಮೀನು ಬಡಕಲಾಗುತ್ತದೆ.

ಮೀನು ಸತ್ತ ಮೇಲೆ, ಐಸು ಸಾಲದೆ ಬೆಚ್ಚಗಾದರೆ, ಕೆಲವು ಹುಳುಗಳು ಕರುಳಿನ ಕಡೆಯಿಂದ ಹೊಟ್ಟೆಯ ಮಾಂಸಕ್ಕೆ ನುಗ್ಗುತ್ತವೆ. ಆದ್ದರಿಂದ ಕೊಂಡು ತಂದ ಕೂಡಲೇ ಕರುಳು, ಯಕೃತ್ತು, ಒಳಗಿನ ಕಪ್ಪು ಪೊರೆ ತೆಗೆದು ತೊಳೆಯಿರಿ. ಹೊಟ್ಟೆಯ ತೆಳು ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ದೂರದಿಂದ, ಹೆಚ್ಚು ದಿನ ಐಸಿನಲ್ಲಿದ್ದು ಬರುವ ಮೀನಿಗೆ ಈ ಮಾತು ಇನ್ನಷ್ಟು ಅನ್ವಯ.

ಹುಳಿ ಹಾಕಿದರೆ ಹುಳು ಸಾಯುತ್ತದೆ ಎಂದು ನಂಬಬೇಡಿ. ಅದು ಬಾಳಬೇಕಾದದ್ದೇ ತಿಮಿಂಗಿಲದ ಜಠರದ ಆಮ್ಲದಲ್ಲಿ. ಕಾಚಂಪುಳಿಯಾಗಲಿ, ನಿಂಬೆರಸವಾಗಲಿ ಅದಕ್ಕೆ ಲೆಕ್ಕವಿಲ್ಲ. ಕೊಲ್ಲುವುದು ಬಿಸಿ. ಹೋಳಿನ ನಡುಭಾಗ 60 ಡಿಗ್ರಿ ಸೆಲ್ಸಿಯಸ್ ತಲುಪಿ ಕನಿಷ್ಠ 1 ನಿಮಿಷ ಅಲ್ಲಿ ನಿಲ್ಲಬೇಕು. ಕುದಿಯುವ ಸಾರಿನಲ್ಲಿ ಇದು ಸುಲಭ. ಎಡವುವುದು ತವೆಯ ಮೇಲೆ: ದಪ್ಪ ಅಂಜಲ್ ಹೋಳಿಗೆ ಉರಿ ಜೋರಾದರೆ ಮಸಾಲೆ ಕಪ್ಪಾಗುತ್ತದೆ, ಮುಳ್ಳಿನ ಬಳಿ ಹಸಿಯೇ ಇರುತ್ತದೆ. ಹೋಳು ತೆಳುವಾಗಿರಲಿ, ಉರಿ ಮಧ್ಯಮವಿರಲಿ. ಮುಳ್ಳಿನ ಪಕ್ಕದ ಮಾಂಸ ಗಾಜಿನಂಥ ಹೊಳಪು ಕಳೆದು ಬೆಳ್ಳಗಾಗಿ, ಸಲೀಸಾಗಿ ಬಿಟ್ಟುಬಂದರೆ ಬೆಂದಿದೆ.

ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೂ ಹುಳು ಸಾಯುತ್ತದೆ. ಆದರೆ ಮನೆಯ ಫ್ರಿಜ್ ಅಷ್ಟು ತಂಪನ್ನು ಹಿಡಿದಿಡುವುದು ಅಪರೂಪ, ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮೂರುಗಳಲ್ಲಂತೂ ಅದನ್ನು ನೆಚ್ಚಬೇಡಿ.

ಸತ್ತ ಹುಳುವಿನಿಂದಲೂ ಕೆಲವರಿಗೆ ಮೈ ದದ್ದು, ತುರಿಕೆಯಂಥ ಅಲರ್ಜಿ ಆಗುತ್ತದೆ. ಕಣ್ಣಿಗೆ ಬಿದ್ದ ಹುಳುವನ್ನು ತೆಗೆದೇ ಬೇಯಿಸಿ. ಅರೆಬೆಂದ ಮೀನು ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತೀವ್ರವಾಗಿ ನೋಯತೊಡಗಿ ವಾಂತಿಯಾದರೆ, ಏನು ತಿಂದಿರಿ, ಹೇಗೆ ಬೇಯಿಸಿದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಹುಳು ಜಠರದಲ್ಲಿದ್ದರೆ ಎಂಡೋಸ್ಕೋಪಿಯಲ್ಲಿ ನೋಡಿ ಹಿಡಿದು ತೆಗೆಯಲು ಬರುತ್ತದೆ. ಮೀನಿನ ಕರುಳನ್ನು ನಾಯಿ, ಬೆಕ್ಕಿಗೆ ಹಾಕುವುದಿದ್ದರೂ ಬೇಯಿಸಿಯೇ ಹಾಕಿ.

ನಮಸ್ಕಾರ.