ಕೆಳದನಿಯನ್ನು ಹಿಡಿಯಿರಿ: ಷಾ ನಾ ನಾ ತಂಡದ ಮೊದಲ ಆಲ್ಬಮ್

ಕೇಳುಗರಿಗೆ ನಮಸ್ಕಾರ. ಈ ಹೊತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಡೂ-ವಾಪ್, ಅಂದರೆ ಹಲವು ಕಂಠಗಳು ಕೂಡಿ ಹಾಡುವ ಅಮೆರಿಕದ ಹಳೆಯ ಶೈಲಿಯ ಹಾಡು ಕೇಳುವಾಗ ಮುಖ್ಯ ಗಾಯಕನನ್ನು ಅವನ ಪಾಡಿಗೆ ಬಿಡಿ, ಕೆಳದನಿಯನ್ನು ಹಿಡಿಯಿರಿ. ಮಂದ್ರದಲ್ಲಿ 'ದಮ್ ದಮ್' ಎನ್ನುತ್ತಿರುವವನ ಬೆನ್ನು ಹತ್ತಿದರೆ ಇಡೀ ಹಾಡು ಕೈಗೆ ಸಿಗುತ್ತದೆ.

ಡೂ-ವಾಪ್ ಹುಟ್ಟಿದ್ದು ಅಮೆರಿಕದ ನ್ಯೂಯಾರ್ಕ್, ಫಿಲಡೆಲ್ಫಿಯಾದಂತಹ ನಗರಗಳ ಬೀದಿಮೂಲೆಗಳಲ್ಲಿ. ಕಪ್ಪುಜನರ ಕೇರಿಯ ಹುಡುಗರ ಬಳಿ ವಾದ್ಯಗಳಿರಲಿಲ್ಲ, ಕಂಠವಿತ್ತು. ಒಬ್ಬ ಹಾಡಿದ, ಒಬ್ಬ ಕಳ್ಳದನಿಯಲ್ಲಿ ಮೇಲೇರಿದ, ಇಬ್ಬರು ನಡುವೆ ನಿಂತರು, ಒಬ್ಬ ಮಂದ್ರಕ್ಕಿಳಿದು ತಾಳ ಕಟ್ಟಿದ. ನಮ್ಮ ತಿಲ್ಲಾನದ 'ಧೀಂ ತನನ'ಕ್ಕೆ ಅರ್ಥ ಹುಡುಕುತ್ತೀರಾ? ಇಲ್ಲಿಯೂ ಹುಡುಕಬೇಡಿ. ಆ ಅಕ್ಷರಗಳೇ ವಾದ್ಯ.

1960ರ ದಶಕದ ಕೊನೆಗೆ ಈ ಹಾಡುಗಳು ಮೂಲೆ ಸೇರಿದ್ದವು. ಆಗ, 1969ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹಾಡುಗಾರ ವಿದ್ಯಾರ್ಥಿಗಳು ಕಟ್ಟಿದ ತಂಡವೇ ಷಾ ನಾ ನಾ. ಆ ಹೆಸರು ಬಂದದ್ದು ಸಿಲುವೆಟ್ಸ್ ತಂಡದ 'ಗೆಟ್ ಎ ಜಾಬ್' ಹಾಡಿನ ಹಿನ್ನೆಲೆದನಿಯಿಂದ. ನೋಡಿ, ತಂಡದ ಹೆಸರೇ ಹಿನ್ನೆಲೆದನಿ!

ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಇವರು ಹಾಡಿದ ಕಥೆಯನ್ನು ಹೇಳದೆ ನಾನು ಮುಂದೆ ಹೋಗಲಾರೆ. 1969ರ ಆಗಸ್ಟ್. ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬ ಊರಿನ ಹೈನುಗಾರನ ಹೊಲದಲ್ಲಿ ಲಕ್ಷಾಂತರ ಜನ ಸೇರಿದ್ದರು. ಭಾನುವಾರ ಮುಗಿಯಬೇಕಿದ್ದ ಉತ್ಸವ ಮಳೆಯಿಂದಾಗಿ ಸೋಮವಾರದ ಬೆಳಗಿಗೆ ಜಾರಿತು. ಬಹುಪಾಲು ಜನ ಊರಿನ ದಾರಿ ಹಿಡಿದಿದ್ದರು. ಉಳಿದವರು ಕೆಸರಿನಲ್ಲಿ, ಒದ್ದೆ ಕಂಬಳಿಯಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಕಾಯುತ್ತಿದ್ದದ್ದು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ಗಾಗಿ. ಅವನಿಗಿಂತ ಮುಂಚೆ ವೇದಿಕೆಗೆ ನುಗ್ಗಿದವರು ಈ ಹುಡುಗರು! ಹುಟ್ಟಿ ಕೆಲವೇ ತಿಂಗಳಾಗಿದ್ದ ತಂಡ. ಎದುರಿಗೆ ಉದ್ದಗೂದಲಿನ ಹಿಪ್ಪಿಗಳು. ಇವರದೋ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ. ಮೂವರು ಮಿರಮಿರನೆ ಹೊಳೆಯುವ ಚಿನ್ನದ ಬಣ್ಣದ ಉಡುಪು ತೊಟ್ಟು ಒಂದೇ ಹೆಜ್ಜೆಯಲ್ಲಿ ಕುಣಿದರು. 'ಅಟ್ ದ ಹಾಪ್' ಹಾಡನ್ನು ಅವರು ಓಡಿಸಿದ ವೇಗ ನೋಡಬೇಕು, ಮೂಲ ಹಾಡೇ ಹಿಂದೆ ಬೀಳುತ್ತದೆ. 1970ರ ವುಡ್‌ಸ್ಟಾಕ್ ಚಲನಚಿತ್ರದಲ್ಲಿ ಆ ತುಣುಕು ಉಳಿದುಕೊಂಡಿತು, ಅಷ್ಟರಿಂದಲೇ ತಂಡ ದೇಶಕ್ಕೆಲ್ಲ ಪರಿಚಯವಾಯಿತು. ಆ ತುಣುಕನ್ನು ನೋಡುವಾಗಲೂ ಕುಣಿಯುವವರ ಮೇಲೆ ಕಣ್ಣಿರಲಿ, ಕಿವಿ ಮಾತ್ರ ಕೆಳದನಿಯ ಮೇಲಿರಲಿ.

ಕಥೆಯಲ್ಲೇ ಹೊತ್ತು ಕಳೆಯಿತು, ಆಲ್ಬಮ್ಮಿಗೆ ಬರುತ್ತೇನೆ. 1969ರಲ್ಲೇ ಕಾಮಸೂತ್ರ ಎಂಬ ಧ್ವನಿಮುದ್ರಣ ಕಂಪನಿ ಹೊರತಂದ ಆಲ್ಬಮ್ಮಿನ ಹೆಸರು 'ರಾಕ್ ಅಂಡ್ ರೋಲ್ ಈಸ್ ಹಿಯರ್ ಟು ಸ್ಟೇ'. ಎಲ್ಲವೂ ಹಳೆಯ ಹಾಡುಗಳ ಮರುಗಾಯನ. ಇದನ್ನು ಅಣಕ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ವೇಷದಲ್ಲಿ ತಮಾಷೆ ಇರಬಹುದು, ಸ್ವರ ಜೋಡಣೆಯಲ್ಲಿ ಶ್ರದ್ಧೆಯಲ್ಲದೆ ಬೇರೇನೂ ಇಲ್ಲ. 'ಕಮ್ ಗೋ ವಿತ್ ಮಿ' ಕೇಳಿ. ಮೊದಲು ಅದನ್ನು ಹಾಡಿದ್ದು ಪಿಟ್ಸ್‌ಬರ್ಗ್‌ನಲ್ಲಿ ವಾಯುಪಡೆಯ ಯುವಕರು ಕಟ್ಟಿದ ಡೆಲ್ ವೈಕಿಂಗ್ಸ್. ಕಪ್ಪುಜನರೂ ಬಿಳಿಯರೂ ಒಟ್ಟಿಗೆ ನಿಂತು ಹಾಡಿದ ತಂಡ ಅದು. ಆ ಹಾಡಿನಲ್ಲಿ ಸಾಹಿತ್ಯಕ್ಕಿಂತ ಮುಂಚೆ 'ದಮ್ ದಮ್' ಬರುತ್ತದೆ. ಅದನ್ನು ಬಿಟ್ಟರೆ ಹಾಡಿಗೆ ನೆಲವೇ ಇಲ್ಲ.

1978ರ 'ಗ್ರೀಸ್' ಚಿತ್ರದಲ್ಲಿ ಈ ತಂಡ ಕಾಣಿಸಿಕೊಂಡಿತು, ದೂರದರ್ಶನದಲ್ಲಿ ತನ್ನದೇ ಹೆಸರಿನ ಕಾರ್ಯಕ್ರಮವನ್ನೂ ನಡೆಸಿತು. ಅವನ್ನೆಲ್ಲ ಆಮೇಲೆ ನೋಡಿಕೊಳ್ಳಿ. ಮೊದಲು ಈ ಆಲ್ಬಮ್ ಹಾಕಿ, ಒಂದು ಹಾಡನ್ನು ಎರಡು ಸಲ ಕೇಳಿ. ಎರಡನೆಯ ಸಲ ಕೆಳದನಿಯವನ ಜೊತೆಗೆ ನೀವೂ ಮೆಲ್ಲಗೆ ಹಾಡಿ. ನಮಸ್ಕಾರ.